ಇಂಕಮ್ಮನ ಸ್ಟಿಕರ್

ತಿಂಡಿ ಮುಗಿದು ತಟ್ಟೆಗಳು ಸಿಂಕು ಸೇರಿದ ಮೇಲೆ ಆ ಮನೆಯ ಊಟದ ಮೇಜು ಕಾರ್ಖಾನೆಯಾಗುತ್ತಿತ್ತು. ಮೇಜಿನ ಮೇಲೆ ಹಳೆಯ ಪೇಪರು, ಅದರ ಮೇಲೆ ಪ್ಲಾಸ್ಟಿಕ್ ಟ್ರೇ, ಟ್ರೇಯಲ್ಲಿ ನಾಲ್ಕು ಬಣ್ಣದ ಬಾಟಲಿ, ನಾಲ್ಕು ಸಿರಿಂಜು, ಒಂದು ಕೈಡ್ರಿಲ್ಲು, ಬೇಳೆ ತೂಗುವ ತಕ್ಕಡಿ. ಹನ್ನೊಂದು ವರ್ಷದಿಂದ ಅಮ್ಮ ಅಲ್ಲಿ ಕೂತು ಸುತ್ತಲ ನಾಲ್ಕು ಬೀದಿಯ ಪ್ರಿಂಟರುಗಳಿಗೆ ಹೊಟ್ಟೆ ತುಂಬಿಸುತ್ತಿದ್ದಳು. ಜೆರಾಕ್ಸ್ ಅಂಗಡಿ, ವಕೀಲರ ಆಫೀಸು, ಔಷಧಿ ಅಂಗಡಿ, ಶಾಲೆ, ಎಲ್ಲರಿಗೂ ಅವಳು ಇಂಕಮ್ಮ. ಹೆಸರು ಹಿಡಿದು ಕರೆದರೆ ಅವಳೇ ಬೇರೆ ಯಾರನ್ನೋ ಕರೆದರು ಅಂದುಕೊಳ್ಳುತ್ತಿದ್ದಳು. ಎಷ್ಟು ತಿಕ್ಕಿದರೂ ಬಲಗೈಯ ಎರಡು ಬೆರಳು ಕಪ್ಪೇ. ಅವಳು ಬಡಿಸುವಾಗ ಗಂಡ ಆ ಬೆರಳು ನೋಡಿ, "ನಿನ್ನ ಕೈರುಚಿ ಅಂದ್ರೆ ಇದೇ ನೋಡು," ಎಂದು ಛೇಡಿಸುವುದು ದಿನದ ಪಾಠ.

ಗಂಡ ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಮಗ ಸ್ಕೂಟರಿನಲ್ಲಿ ಹೋಗಿ ಇಂಕು ಮುಗಿದ ಖಾಲಿ ಕಾರ್ಟ್ರಿಜ್ ತರುವುದು, ತುಂಬಿದ್ದನ್ನು ತಲುಪಿಸುವುದು ಮಾಡುತ್ತಿದ್ದ. ಎಲ್ಲಿದ್ದೀಯಾ ಎಂದರೂ, ಯಾವಾಗ ಬರ್ತೀಯಾ ಎಂದರೂ ಅವನ ಉತ್ತರ ಒಂದೇ: "ಐದೇ ನಿಮಿಷ." ಹಾಗಾಗಿ ಅವನಿಗೆ ಐದ್ನಿಮಿಷ ಎಂದೇ ಹೆಸರು ಬಿದ್ದಿತ್ತು. ಸೊಸೆ ಹತ್ತಿರದ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಮೂರು ವರ್ಷದಿಂದ ತಾತ್ಕಾಲಿಕ. ಆ ವರ್ಷ ಅವಳನ್ನು ಕಾಯಂ ಮಾಡುವ ಕಾಗದ ಮೇಲಕ್ಕೆ ಹೋಗುವುದಿತ್ತು.

ಕಾರ್ಟ್ರಿಜ್ಜಿನ ಮೈಮೇಲೆ ಉಗುರಿನಷ್ಟು ಒಂದು ಚಿಪ್ ಇರುತ್ತದೆ. ಅದು ಒಳಗೆ ಇಂಕು ಎಷ್ಟಿದೆ ಎಂದು ಇಣುಕಿ ನೋಡುವುದಿಲ್ಲ. ಎಷ್ಟು ಅಚ್ಚಾಯಿತು ಎಂದು ಲೆಕ್ಕ ಇಡುತ್ತದೆ, ಅಷ್ಟೇ. ಲೆಕ್ಕ ಮುಗಿದ ದಿನ ‘ಖಾಲಿ’ ಎನ್ನುತ್ತದೆ, ಪ್ರಿಂಟರು ನಿಂತುಬಿಡುತ್ತದೆ. ಆಮೇಲೆ ಇಂಕು ತುಂಬಿದರೂ ಅದರ ಹಟ ಬಿಡದು. ಆಗ ರಿಸೆಟ್ಟರ್ ಎಂಬ ಬೆಂಕಿಪೊಟ್ಟಣದಷ್ಟು ಯಂತ್ರದ ಸೂಜಿಗಳನ್ನು ಚಿಪ್ಪಿಗೆ ಒತ್ತಿ ಹಿಡಿಯಬೇಕು. ಕೆಂಪು ದೀಪ ಹಸಿರಾದರೆ ಚಿಪ್ಪು ಹಳೆಯದೆಲ್ಲ ಮರೆತು ‘ತುಂಬಿದೆ’ ಎನ್ನುತ್ತದೆ.

ಅಮ್ಮನ ಕ್ರಮ ಒಂದೇ. ಮೊದಲ ಸಲ ಬಂದ ಕಾರ್ಟ್ರಿಜ್ ಆದರೆ ತಲೆಯ ಮೇಲೆ ಕೈಡ್ರಿಲ್ಲಿನಿಂದ ಸಣ್ಣ ತೂತು. ಆ ತೂತಿನಿಂದ ನಿಧಾನಕ್ಕೆ ಇಂಕು. ರಬ್ಬರಿನ ಬಿರಡೆ. ನಾಲ್ಕು ಗಂಟೆ ಅಲುಗಾಡಿಸದೆ ನಿಲ್ಲಿಸುವುದು. ತೂಕ. ಕಟ್ಟಕಡೆಗೆ ಚಿಪ್ಪು. ಮಗನಿಗೆ ಕೆಲಸ ಕಲಿಸುವಾಗ ಅವಳು ಹೇಳಿದ್ದು ಇಷ್ಟೇ: "ಹೊಟ್ಟೆ ತುಂಬದೆ ತುಂಬ್ತು ಅಂತ ಹೇಳಿಸ್ಬಾರ್ದು. ಒಣ ಕಾರ್ಟ್ರಿಜ್ ಓಡಿಸಿದ್ರೆ ಇಂಕು ಚಿಮ್ಮೋ ಪ್ರಿಂಟರ್ ಹೆಡ್ಡೇ ಸುಟ್ಟು ಹೋಗತ್ತೆ." ಎಲ್ಲ ಮುಗಿದ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ತಾರೀಕು, ತೂಕ ಬರೆಯುತ್ತಿದ್ದಳು. ಸ್ಟಿಕರಿನ ಮೂಲೆಯಲ್ಲಿ ಅವಳದೇ ಒಂದು ಗುರುತು, ಬಾಲ ಉದ್ದವಿರುವ ಒಂದು ರೈಟು. ಕುಕ್ಕರ್ ಕೂಗುವುದನ್ನು ಕಾಯುತ್ತ ಆ ರೈಟುಗಳನ್ನು ಸ್ಟಿಕರಿನ ಸುರುಳಿಯುದ್ದಕ್ಕೂ ಮೊದಲೇ ಹಾಕಿಟ್ಟುಬಿಡುತ್ತಿದ್ದಳು. ಸುರುಳಿ ಕಿಟಕಿಯ ಪಕ್ಕದ ಮೊಳೆಯಲ್ಲಿ ತೂಗಾಡುತ್ತಿರುತ್ತಿತ್ತು. ಮನೆಯೊಳಗೆ ಅದನ್ನು ಬಚ್ಚಿಡಬೇಕು ಎಂದು ಯಾವ ತಾಯಿಗೆ ಹೊಳೆಯುತ್ತದೆ?

ಮೊದಲ ದೂರು ಜೆರಾಕ್ಸ್ ಅಂಗಡಿಯಿಂದ ಬಂತು. ಅಂಗಡಿಯವನು ಫೋನಿನಲ್ಲಿ, "ಇಂಕಮ್ಮಾ, ಈ ಸಲದ್ದು ಅರವತ್ತು ಹಾಳೆಗೇ ಸುಸ್ತಾಯ್ತಲ್ಲ," ಎಂದ. ಅಮ್ಮನಿಗೆ ನಾಚಿಕೆಯಾಗಿ ಮಾರನೆಯ ದಿನ ಪುಕ್ಕಟೆ ತುಂಬಿ ಕಳಿಸಿದಳು. ವಾರದೊಳಗೆ ವಕೀಲರ ಆಫೀಸಿನಿಂದಲೂ ಅದೇ ಮಾತು.

"ಇಂಕು ಬದ್ಲಾಯ್ತೇನೋ?" ಎಂದು ತಿಂಡಿಗೆ ಕೂತಾಗ ಕೇಳಿದಳು.

"ಅದೇ ಬಾಟ್ಲಿ, ಅದೇ ಅಂಗಡಿ," ಎಂದ ಮಗ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಜನಕ್ಕೆ ದೂರು ಹೇಳ್ದೆ ಇದ್ರೆ ತಿಂದಿದ್ದು ಅರಗಲ್ಲ, ಬಿಡಮ್ಮ."

"ಆದ್ರೂ ನಿನ್ನ ಹೊಗಳ್ತಾರೆ," ಎಂದಳು ಸೊಸೆ ಗಂಡನಿಗೆ. "ಕೊಟ್ಟ ಒಂದು ಗಂಟೇಲೇ ವಾಪಸ್ ಅಂತೆ. ಇಡೀ ಬೀದೀಲಿ ಇಷ್ಟು ಬೇಗ ಯಾರೂ ಮಾಡ್ಕೊಡಲ್ವಂತೆ."

"ಐದ್ನಿಮಿಷ ಅಂದ್ರೆ ಸುಮ್ನೇನಾ?" ಎಂದು ಅಪ್ಪ ನಕ್ಕರು. ಎಲ್ಲರೂ ನಕ್ಕರು. ನಾಲ್ಕು ಗಂಟೆ ನಿಲ್ಲಬೇಕಾದದ್ದು ಅಷ್ಟು ಬೇಗ ಹೇಗೆ ವಾಪಸ್ಸಾಗುತ್ತದೆ ಎಂದು ಅಮ್ಮ ಅವತ್ತೇ ಕೇಳಬಹುದಿತ್ತು. ಮಗನ ಹೊಗಳಿಕೆ ಕಿವಿಗೆ ಬಿದ್ದಾಗ ಲೆಕ್ಕ ಹಾಕುತ್ತ ಕೂರುವ ಅಭ್ಯಾಸ ಅವಳಿಗಿರಲಿಲ್ಲ.

ಹದಿನೈದು ದಿನದ ಮೇಲೆ ಒಂದು ಸಂಜೆ ಸೊಸೆ ಬಂದವಳು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತಳು. ಕಣ್ಣು ಕೆಂಪಗಿತ್ತು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಪ್ಪು ಕಾರ್ಟ್ರಿಜ್ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಅತ್ತೆ, ಇದಕ್ಕೆ ಇಂಕು ತುಂಬಿದ್ರಾ ನೀವು?"

"ಏನಾಯ್ತೇ?"

"ಮುನ್ನೂರ ಇಪ್ಪತ್ತು ಹಾಲ್ ಟಿಕೆಟ್. ನಲವತ್ತು ಬಂತು, ಆಮೇಲೆ ಬರೀ ಗೀಟು, ಆಮೇಲೆ ಬರೀ ಬಿಳಿ ಹಾಳೆ. ಕಂಪ್ಯೂಟರಲ್ಲಿ ನೋಡಿದ್ರೆ ಇಂಕು ಫುಲ್ ಅಂತ ತೋರಿಸ್ತಿದೆ. ಫುಲ್ ಇದೆಯಲ್ಲ ಅಂತ ನಾನು ಮತ್ತೆ ಮತ್ತೆ ಕೊಟ್ಟೆ. ಹೆಡ್ ಸುಟ್ಟು ಹೋಯ್ತು. ಹೊಸಾ ಪ್ರಿಂಟರ್, ಅತ್ತೆ! ಹುಡುಗ್ರು ಬಾಗಿಲಿನ ಹೊರಗೆ ಸಾಲಲ್ಲಿ ನಿಂತಿದ್ರು. ಹೊಸ ಕಾರ್ಟ್ರಿಜ್ ಯಾಕೆ, ನಮ್ಮನೇಲೇ ತುಂಬ್ಕೊಡ್ತಾರೆ ಅಂತ ನಾನೇ ಹೇಳಿ ಒಪ್ಸಿದ್ದೆ." ಬ್ಯಾಗಿನಿಂದ ಮಡಚಿದ ಕಾಗದ ತೆಗೆದಳು. "ಮೆಮೋ ಕೊಟ್ಟಿದ್ದಾರೆ. ಕಾಯಂ ಮಾಡೋ ಪಟ್ಟೀಲಿ ನನ್ನ ಹೆಸರು ತಡೆ ಹಿಡಿದಿದ್ದಾರೆ."

ಅಮ್ಮ ಕವರನ್ನು ದೂರದಿಂದಲೇ ನೋಡಿದಳು. ಸ್ಟಿಕರ್ ಕಾಣುತ್ತಿತ್ತು. ಬಾಲದ ರೈಟು ಅವಳದೇ.

"ಶಾಲೇದು ನನ್ನ ಕೈಗೆ ಬಂದ ನೆನಪೇ ಇಲ್ವಲ್ಲ," ಎಂದಳು ಮೆಲ್ಲಗೆ.

ಮಗ ಹತ್ತಿರ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. "ಮಂಗಳವಾರ ನಾನೇ ತಂದು ಈ ಟ್ರೇಯಲ್ಲಿ ಇಟ್ನಲ್ಲಮ್ಮ. ನೆನಪಿಲ್ವಾ?"

"ಇಲ್ಲ ಕಣೋ."

"ಅದೇ ನೋಡು," ಎಂದು ಹೆಂಡತಿಯ ಕಡೆ ತಿರುಗಿದ. "ಅವಳ ಮೇಲೆ ರೇಗ್ಬೇಡ. ಅಮ್ಮಂಗೆ ಕಣ್ಣು ಮಂಜಾಗ್ತಿದೆ. ಸಿರಿಂಜಲ್ಲಿ ಗಾಳಿ ಇದೆಯೋ ಇಂಕಿದೆಯೋ ಕಂಡಿಲ್ಲ. ಜೆರಾಕ್ಸ್ ಅಂಗಡೀದೂ ಹಂಗೇ ಆಗಿರ್ಬೇಕು. ನಾನೇ ಹೇಳಕ್ಕಾಗ್ದೆ ಸುಮ್ನಿದ್ದೆ."

ಅಮ್ಮ ಗಂಡನ ಮುಖ ನೋಡಿದಳು. ಅವರು ಪೇಪರು ಮಡಚಿಟ್ಟು, ಗಂಟಲು ಸರಿಮಾಡಿಕೊಂಡು, "ವಯಸ್ಸಾಯ್ತಲ್ಲೇ. ನನಗೂ ಹಂಗೇ ಅನಿಸ್ತಿತ್ತು," ಎಂದರು.

ಅವತ್ತು ರಾತ್ರಿ ಅನ್ನ ತಳ ಹಿಡಿಯಿತು. ಹಿಂದೆಯೂ ಎಷ್ಟೋ ಸಲ ಹಿಡಿದದ್ದುಂಟು, ಆದರೆ ಈಗ ಅದಕ್ಕೂ ಒಂದು ಅರ್ಥ ಬಂದುಬಿಟ್ಟಿತ್ತು. ಸೊಸೆ ಪಾತ್ರೆ ನೋಡಿ ಏನೂ ಅನ್ನದೆ ನೀರು ಹಾಕಿ ನೆನೆಯಲು ಇಟ್ಟಳು. ಆ ಏನೂ ಅನ್ನದಿರುವುದೇ ಅಮ್ಮನಿಗೆ ಚುಚ್ಚಿತು.

ಮುಂದಿನ ವಾರ ಮಗ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಅಕ್ಷರದ ಹಲಗೆ ಓದಿಸಿ, ದೀಪ ಬಿಟ್ಟು ನೋಡಿ, "ಈ ವಯಸ್ಸಿಗೆ ಒಳ್ಳೇ ಕಣ್ಣಮ್ಮ. ಸಣ್ಣ ಅಕ್ಷರ ಓದಕ್ಕೆ ಬೇಕಾದ್ರೆ ಒಂದು ಕನ್ನಡಕ ಇಟ್ಕೊಳ್ಳಿ," ಎಂದರು. ಮಗ ‘ಬೇಕಾದ್ರೆ’ಯನ್ನು ಬಿಟ್ಟು ಕನ್ನಡಕವನ್ನು ಹಿಡಿದುಕೊಂಡ. ಅಂಗಡಿಯಲ್ಲಿ ಅಗ್ಗದ್ದು ಬೇಡವೆಂದು ಹಟ ಮಾಡಿ ತೆಳು ಚಿನ್ನದ ಬಣ್ಣದ ಫ್ರೇಮು ಕೊಡಿಸಿದ. ಅಮ್ಮ ಪಕ್ಕದ ಮನೆಯವಳಿಗೆ ಅದನ್ನು ತೋರಿಸಿ, "ನೋಡು, ನಾನು ಇಷ್ಟು ನಷ್ಟ ಮಾಡಿದ್ರೂ ಒಂದು ಮಾತು ಅನ್ಲಿಲ್ಲ. ಇಂಥ ಮಗ ಯಾರಿಗಿದ್ದಾನೆ ಹೇಳು," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಮಾತನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಮೆಮೋ ಬಂದ ಮೇಲಿನ ಮೂರು ವಾರ ಅವಳು ತನ್ನನ್ನೇ ನಂಬಲಿಲ್ಲ. ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡುವಳು. ಉಪ್ಪು ಹಾಕಿದೆನೇನೇ ಎಂದು ಸೊಸೆಯನ್ನು ಕೇಳುವಳು. ಒಂದೊಂದು ಕಾರ್ಟ್ರಿಜ್ಜನ್ನೂ ಮೂರು ಸಲ ತೂಗಿ, ಮೂರು ಸಲವೂ ಸರಿಯಿದ್ದರೂ, ತಕ್ಕಡಿಯೇ ಕೆಟ್ಟಿದೆಯೇನೋ ಎಂದು ಸಕ್ಕರೆ ಪೊಟ್ಟಣ ಇಟ್ಟು ನೋಡುವಳು. ಹೊಸ ಕನ್ನಡಕದಲ್ಲಿ ದೂರ ಹತ್ತಿರ ತಾಳೆಯಾಗದೆ ಒಂದು ದಿನ ನೀಲಿ ಬಾಟಲಿ ಉರುಳಿಸಿದಳು.

"ಬಿಡಮ್ಮ, ನೀನು ಮಲ್ಕೋ. ಇನ್ಮೇಲೆ ನಾನೇ ನೋಡ್ಕೋತೀನಿ," ಎಂದ ಮಗ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಮೇಜು ಬಿಟ್ಟು ಎದ್ದಳು.

ಸೊಸೆಯ ಮಾತು ದಿನದಿನಕ್ಕೆ ಹರಿತವಾಗುತ್ತಿತ್ತು. "ಔಷಧಿ ಡಬ್ಬೀನ ನೀವು ಮುಟ್ಬೇಡಿ ಅತ್ತೆ, ನಾನು ಕೊಡ್ತೀನಿ," ಎನ್ನುವಳು. ಒಂದು ಸಂಜೆ ಒಗೆದ ಬಟ್ಟೆ ಮಡಚುತ್ತ, "ಕಾಣಲ್ಲ ಅಂತ ಮೊದ್ಲೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಾನು ಹೊಸದೇ ತರಿಸ್ತಿದ್ದೆ," ಎಂದಳು.

"ನನಗೇ ಗೊತ್ತಿರ್ಲಿಲ್ಲ ಕಣೇ."

"ಮೂರು ವರ್ಷ ಕಾದಿದ್ದೆ, ಅತ್ತೆ."

ತಪ್ಪು ತನ್ನದೇ ಎಂದು ಅಮ್ಮ ಒಪ್ಪಿಕೊಂಡಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಮನೆಯಲ್ಲಿ ಅವಳೊಬ್ಬಳೇ. ಕಪಾಟು ಒರೆಸುವಾಗ ಸೊಸೆಯ ಫೈಲುಗಳ ಹಿಂದೆ ಆ ಪ್ಲಾಸ್ಟಿಕ್ ಕವರು ಸಿಕ್ಕಿತು. ಅದನ್ನು ಅವಳು ಒಂದು ಸಲವೂ ಮುಟ್ಟಿರಲಿಲ್ಲ. ಮುಖಕ್ಕೆ ಮಸಿ ಬಳಿದ ವಸ್ತುವನ್ನು ಯಾರು ಕೈಯಲ್ಲಿ ಹಿಡಿದು ನೋಡುತ್ತಾರೆ? ಎಸೆದುಬಿಡೋಣ ಎಂದು ಕವರು ಬಿಚ್ಚಿದಳು. ಕನ್ನಡಕ ಅಡುಗೆಮನೆಯಲ್ಲಿತ್ತು. ಅಭ್ಯಾಸಬಲದಿಂದ ಅವಳ ಕಪ್ಪು ಬೆರಳು ಕಾರ್ಟ್ರಿಜ್ಜಿನ ತಲೆಯ ಮೇಲೆ ಬಿರಡೆ ಹುಡುಕಿತು.

ಬಿರಡೆ ಇರಲಿಲ್ಲ. ತೂತೂ ಇರಲಿಲ್ಲ. ನುಣ್ಣಗಿತ್ತು.

ಬೆರಳನ್ನು ಮತ್ತೊಮ್ಮೆ ಆಡಿಸಿದಳು. ಬಿಸಿಲಿಗೆ ಹಿಡಿದಳು. ಹೊಸ ಪ್ರಿಂಟರಿನ ಜೊತೆ ಬಂದ ಕಾರ್ಟ್ರಿಜ್ ಅದು. ಒಮ್ಮೆಯೂ ತುಂಬಿಸದ್ದು, ಕಂಪನಿಯಿಂದ ಬಂದ ಹಾಗೇ ಇತ್ತು. ಕಣ್ಣು ಕುರುಡೇ ಆಗಿದ್ದರೂ ತೂತು ಕೊರೆಯದೆ ಅವಳು ಸಿರಿಂಜು ಎಲ್ಲಿಗೆ ಚುಚ್ಚಿಯಾಳು? ಸ್ಟಿಕರ್ ನೋಡಿದಳು. ಮೂಲೆಯ ರೈಟು ಅವಳದು, ಮೊದಲೇ ಹಾಕಿಟ್ಟದ್ದು. ತಾರೀಕೂ ತೂಕವೂ ಮಗನ ಕೈಬರಹ. ತೂಕ ಇಪ್ಪತ್ತೆಂಟು ಗ್ರಾಂ ಎಂದಿತ್ತು. ತಕ್ಕಡಿಯ ಮೇಲೆ ಇಟ್ಟರೆ ಹದಿನಾಲ್ಕು. ಬರೀ ನಲವತ್ತು ಹಾಳೆಗೆ ಅಷ್ಟು ಇಂಕು ಕರಗುವುದಿಲ್ಲ.

ಇದು ಈ ಮೇಜಿಗೆ ಬಂದೇ ಇರಲಿಲ್ಲ. ಯಾವುದೋ ರಸ್ತೆಯ ಪಕ್ಕ ಸ್ಕೂಟರ್ ನಿಲ್ಲಿಸಿ, ಚಿಪ್ಪಿಗೆ ಸೂಜಿ ಒತ್ತಿ, ದೀಪ ಹಸಿರು ಮಾಡಿ, ಅಮ್ಮನ ರೈಟು ಅಂಟಿಸಿ ಕೊಟ್ಟಿದ್ದ. ಐದೇ ನಿಮಿಷ. ಅವಳು ನೆಲದ ಮೇಲೇ ಕೂತುಬಿಟ್ಟಳು. ಮೊದಲು ಬಂದದ್ದು ಸಿಟ್ಟಲ್ಲ. ನನಗೆ ಮರೆವು ಬಂದಿಲ್ಲ, ನನ್ನ ಕಣ್ಣು ನನ್ನ ಹತ್ತಿರವೇ ಇದೆ ಎಂಬ ಸಂತೋಷ. ಅದರ ಬೆನ್ನಿಗೇ ಅವತ್ತು ಮಗ ಹೆಗಲ ಮೇಲೆ ಇಟ್ಟ ಕೈ ನೆನಪಾಯಿತು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಅವಳು ಅನ್ನದ ಪಾತ್ರೆಯ ಪಕ್ಕ ಆ ಕಾರ್ಟ್ರಿಜ್ ಇಟ್ಟಳು.

"ಊಟದ ಹೊತ್ತಲ್ಲಿ ಇದ್ಯಾಕಮ್ಮ?" ಎಂದ ಮಗ.

"ತಲೆ ಮೇಲೆ ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ. ಸೊಸೆ ಎಡಗೈ ಚಾಚಿ ಮುಟ್ಟಿದಳು. ಹನ್ನೊಂದು ವರ್ಷದ ಅನುಭವ ಅವಳಿಗಿಲ್ಲದಿದ್ದರೂ ಆ ಮನೆಯ ಮೇಜಿನಲ್ಲಿ ಉಂಡವಳು. ಅವಳ ಮುಖ ಬದಲಾಯಿತು.

"ಇದಕ್ಕೆ ತೂತೇ ಹಾಕಿಲ್ಲ."

"ಹೂಂ."

"ಮತ್ತೆ ತುಂಬಿದ್ದು ಹೆಂಗೆ?" ಎಂದು ಗಂಡನ ಕಡೆ ತಿರುಗಿದಳು. "ನನ್ನ ಕೈಯಿಂದ ತಗೊಂಡು ಹೋದೆ, ನನ್ನ ಕೈಗೇ ವಾಪಸ್ ಕೊಟ್ಟೆ. ಅತ್ತೆ ಹತ್ರ ತಂದೇ ಇಲ್ವಾ?"

"ಮೊದ್ಲು ಊಟ ಆಗ್ಲಿ," ಎಂದರು ಅಪ್ಪ. "ಆಮೇಲೆ ಮಾತಾಡೋಣ."

ಅಮ್ಮ ಅವರನ್ನೇ ನೋಡಿದಳು. ಆ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?"

ಅವರು ತುತ್ತನ್ನು ತಟ್ಟೆಯಲ್ಲೇ ಉರುಳಿಸಿದರು. "ಸ್ಕೂಟರ್ ಸೀಟಿನ ಕೆಳಗೆ ಇನ್ನೊಂದು ರಿಸೆಟ್ಟರ್ ಸಿಕ್ತು. ನಿನ್ನ ಸ್ಟಿಕರೂ ಇತ್ತು."

"ಯಾವತ್ತು?"

"ಆ ಮೆಮೋ ಬರೋಕ್ಕೆ ಮುಂಚೆ."

"ಮೂವತ್ತು ವರ್ಷ ಬಸ್ ಹತ್ತಿ, ಯಾರ ಜೇಬಲ್ಲಿ ಟಿಕೆಟ್ ಇಲ್ಲ ಅಂತ ಮುಖ ನೋಡೇ ಹೇಳ್ತಿದ್ರಲ್ಲ ನೀವು. ಮನೇಲಿ ಮಾತ್ರ ವಯಸ್ಸಾಯ್ತಲ್ಲೇ ಅಂದ್ರಿ. ನಾನು ಗ್ಯಾಸ್ ಆರ್ಸಿದ್ದೀನಾ ಅಂತ ನಿಮ್ಮನ್ನ ಕೇಳೋವಾಗ, ರೀ, ನಿಮಗೆ ಏನೂ ಅನಿಸ್ಲಿಲ್ವಾ?"

"ಮಗ ಕಣೇ. ಬೀದೀಲಿ ಮರ್ಯಾದೆ ಹೋದ್ರೆ ಅವನ ಗತಿ ಏನು? ನೀನಾದ್ರೆ ಹೆಂಗೋ..."

"ನಾನಾದ್ರೆ ಹೆಂಗೋ," ಎಂದಳು ಅಮ್ಮ.

ಈಗ ಮಗನಿಗೆ ಬಾಯಿ ಬಂತು. "ಅಮ್ಮ, ನಾನೇನು ಕಳ್ಳತನ ಮಾಡಿದ್ನಾ? ಚಿಪ್ಪು ಖಾಲಿ ಅನ್ನೋವಾಗ ಒಳಗೆ ಸ್ವಲ್ಪ ಇಂಕು ಇದ್ದೇ ಇರತ್ತೆ. ಸುಳ್ಳು ಹೇಳೋದು ಆ ಚಿಪ್ಪು. ನಾಲ್ಕು ಗಂಟೆ ನಿಲ್ಸು, ತೂಗು, ಒರ್ಸು ಅಂತ ಕೂತ್ರೆ ಜನ ಕಾಯ್ತಾರಾ? ಎಲ್ಲಾ ಅರ್ಜೆಂಟ್ ಅಂತಾರೆ. ಅರ್ಜೆಂಟ್ ಅಂದೋರಿಗೆ ಮಾತ್ರ ಹಂಗ್ ಮಾಡ್ದೆ."

"ನನಗೂ ಹಂಗೇ ಮಾಡಿದ್ಯಲ್ಲ," ಎಂದಳು ಸೊಸೆ. "ನನ್ನ ಮೆಮೋ ನೋಡಿದ ಮೇಲಾದ್ರೂ ಹೇಳ್ಬಹುದಿತ್ತು. ಮೂರು ವಾರ ಅತ್ತೆ ಮೇಲೆ ನನ್ನಿಂದ ಏನೇನು ಆಡ್ಸಿದೆ ನೀನು!" ಅವಳು ಎದ್ದು ಕೈ ತೊಳೆದುಕೊಂಡು ಬಂದಳು. ತಟ್ಟೆ ಹಾಗೇ ಇತ್ತು.

ಮಗ ಕುರ್ಚಿಯನ್ನು ತಾಯಿಯ ಹತ್ತಿರ ಎಳೆದುಕೊಂಡ. "ಆಗಿದ್ದು ಆಯ್ತು. ನಾನು ಹೇಳಿದ್ದಕ್ಕೆ ಶಾಲೆಯೋರು ತಪ್ಪು ನಿನ್ನ ಕಣ್ಣಿಂದು ಅಂತ ನಂಬಿದ್ದಾರೆ, ಬೀದಿಯೋರೂ ನಂಬಿದ್ದಾರೆ. ಹಂಗೇ ಇದ್ದುಬಿಡ್ಲಿ. ವಯಸ್ಸಾದೋರನ್ನ ಜನ ಕ್ಷಮಿಸ್ತಾರಮ್ಮ, ನನ್ನನ್ನ ಕ್ಷಮಿಸಲ್ಲ. ನಿನಗೇನು ಕಷ್ಟ?"

ಅವನು ಕೊಡಿಸಿದ ಕನ್ನಡಕ ಅಮ್ಮನ ಮೂಗಿನ ಮೇಲೇ ಇತ್ತು. ಅದನ್ನು ತೆಗೆದು, ಮಡಚಿ, ಅವನ ತಟ್ಟೆಯ ಪಕ್ಕ ಇಟ್ಟಳು.

"ಕನ್ನಡಕ ಕೊಡಿಸ್ದಾಗ ನಾನು ಅತ್ತಿದ್ದೆ ಕಣೋ, ಪಕ್ಕದ ಮನೆಯೋಳ ಮುಂದೆ. ಅದನ್ನ ಹೆಂಗೆ ವಾಪಸ್ ತಗೊಳ್ಳಲಿ ಹೇಳು."

ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಮನೆ ಬಿಟ್ಟರು. ಅಪ್ಪ ಬಾಗಿಲಲ್ಲಿ ನಿಂತು, "ಮನೆ ಮಾತು ಮನೇಲಿರ್ಲಿ," ಎಂದರು. ಅಮ್ಮ ತಿರುಗಲಿಲ್ಲ.

ದಾರಿಯಲ್ಲಿ ಸೊಸೆ, "ಔಷಧಿ ಡಬ್ಬಿ ಮುಟ್ಬೇಡಿ ಅಂದಿದ್ದೆ," ಎಂದಳು.

"ಅಂದಿದ್ದೆ."

"ತಪ್ಪಾಯ್ತು ಅತ್ತೆ."

"ನಿನಗೆ ಹೇಳಿದ್ದನ್ನ ನೀನು ನಂಬಿದೆ. ನಾನೂ ನಂಬಿದ್ದೆನಲ್ಲ," ಎಂದು ಅಮ್ಮ ಅವಳ ಕೈಯಿಂದ ಊಟದ ಡಬ್ಬಿ ಇಸಕೊಂಡು ಹಿಡಿದಳು.

ಶಾಲೆಯ ಹೆಡ್ ಕ್ಲಾರ್ಕ್ ಐವತ್ತು ದಾಟಿದ ಹೆಂಗಸು. ಇಂಕಮ್ಮನನ್ನು ನೋಡಿ ಎದ್ದು ತಾವೇ ಕುರ್ಚಿ ಎಳೆದುಕೊಟ್ಟರು, ನೀರು ತರಿಸಿದರು. "ನೀವ್ಯಾಕೆ ಬರೋಕ್ಕೆ ಹೋದ್ರಿ? ನಮಗೆ ಗೊತ್ತಾಯ್ತು ಬಿಡಿ. ವಯಸ್ಸಾದ ಮೇಲೆ ಕಣ್ಣು ಯಾರಿಗೆ ತಾನೆ ನೆಟ್ಟಗಿರತ್ತೆ? ನಿಮ್ಮ ಮೇಲೆ ಯಾರಿಗೂ ಬೇಜಾರಿಲ್ಲ."

ಎಷ್ಟು ಸುಲಭವಿತ್ತು! ತಲೆ ಆಡಿಸಿ ನೀರು ಕುಡಿದು ಎದ್ದರೆ ಮಗನೂ ಉಳಿಯುತ್ತಿದ್ದ, ಮನೆಯ ಮಾನವೂ ಉಳಿಯುತ್ತಿತ್ತು. ಅಮ್ಮ ಲೋಟವನ್ನು ಮುಟ್ಟಲಿಲ್ಲ.

"ನನ್ನ ಕಣ್ಣಿಗೆ ಏನೂ ಆಗಿಲ್ಲ ಮೇಡಂ," ಎಂದಳು. ಕಾರ್ಟ್ರಿಜ್ಜನ್ನು ಮೇಜಿನ ಮೇಲಿಟ್ಟು ನುಣ್ಣನೆಯ ತಲೆಯನ್ನು ತೋರಿಸಿದಳು. ತನ್ನ ಕೈಯಿಂದ ತುಂಬಿದ ಇನ್ನೊಂದನ್ನು ಪಕ್ಕದಲ್ಲಿಟ್ಟು ಅದರ ಬಿರಡೆ ತೋರಿಸಿದಳು. "ಇದು ನನ್ನ ಹತ್ರ ಬಂದೇ ಇಲ್ಲ. ನನ್ನ ಮಗ ಚಿಪ್ಪು ಮಾತ್ರ ರಿಸೆಟ್ ಮಾಡಿ, ನನ್ನ ಸ್ಟಿಕರ್ ಅಂಟಿಸಿ ಕೊಟ್ಟ. ಈ ಹುಡುಗಿಗೆ ಗೊತ್ತಿರ್ಲಿಲ್ಲ. ಇವಳ ಮೇಲೆ ಹಾಕಿದ್ದನ್ನ ತೆಗೀರಿ."

ಹೆಡ್ ಕ್ಲಾರ್ಕ್ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಮೆಮೋ ವಾಪಸ್ಸು ಪಡೆಯುವುದು ತಮ್ಮ ಕೈಯಲ್ಲಿಲ್ಲ, ಆದರೆ ಹೆಸರಿನ ಮೇಲಿನ ತಡೆ ತೆಗೆಯಲು ಇವತ್ತೇ ಬರೆಯುತ್ತೇನೆ ಎಂದರು. ಇನ್ನು ಮುಂದೆ ಶಾಲೆಯ ಕಾರ್ಟ್ರಿಜ್ ಆ ಮನೆಗೆ ಬರುವುದಿಲ್ಲ ಎಂಬುದನ್ನೂ ಮುಜುಗರಪಡುತ್ತಲೇ ಹೇಳಿದರು. ಅಮ್ಮ, "ನ್ಯಾಯವೇ," ಎಂದು ಎದ್ದಳು. ವಾಪಸ್ಸು ಬರುವಾಗ ಜೆರಾಕ್ಸ್ ಅಂಗಡಿಗೂ ವಕೀಲರ ಆಫೀಸಿಗೂ ಹೊಕ್ಕು ಅದೇ ಮಾತು ಹೇಳಿದಳು.

ಮಗ ಎರಡು ದಿನ ಮನೆಯಲ್ಲಿ ಮಾತು ಬಿಟ್ಟ. ಅಪ್ಪ ಪೇಪರಿನ ಹಿಂದೆ ಕೂತರು. ಅಮ್ಮ ಇಬ್ಬರಿಗೂ ಹೊತ್ತು ಹೊತ್ತಿಗೆ ಬಡಿಸಿದಳು, ಉಪ್ಪು ಸರಿಯಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಕಿಟಕಿಯ ಪಕ್ಕದ ಮೊಳೆ ಬರಿದಾಗಿತ್ತು. ಸ್ಟಿಕರಿನ ಸುರುಳಿ ಈಗ ಸೊಸೆಯ ಕಪಾಟಿನಲ್ಲಿತ್ತು.

ಗುರುವಾರ ತಿಂಡಿಯ ತಟ್ಟೆಗಳು ಸಿಂಕು ಸೇರಿದ ಮೇಲೆ ಅವಳು ಮತ್ತೆ ಪೇಪರು ಹಾಸಿ, ಟ್ರೇ ಇಟ್ಟು ಕೂತಳು. ಹನ್ನೊಂದು ಗಂಟೆಗೆ ಮಗ ಬಂದು ಔಷಧಿ ಅಂಗಡಿಯ ನಾಲ್ಕು ಕಾರ್ಟ್ರಿಜ್ಜನ್ನು ಮೇಜಿನ ಮೇಲಿಟ್ಟ. "ಹಳೇ ಗಿರಾಕಿ ಅಮ್ಮ, ಎಲ್ಲಾ ಹೋದ ತಿಂಗಳು ತುಂಬಿದ್ದೇ," ಎಂದ. ಮುಂಚೆಯಾದರೆ ಅವಳು ತಲೆ ಎತ್ತದೆ ಸಿರಿಂಜು ಹಿಡಿಯುತ್ತಿದ್ದಳು. ಈಗ ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ತಲೆಯ ಮೇಲೆ ಬೆರಳಾಡಿಸಿ ಬಿರಡೆ ಹುಡುಕತೊಡಗಿದಳು. ಮೊದಲನೆಯದು ಆಯಿತು. ಎರಡನೆಯದು ಆಯಿತು. ಮಗ ಹೆಲ್ಮೆಟ್ ಕೈಯಲ್ಲಿ ಹಿಡಿದು ನೋಡುತ್ತ ನಿಂತ.

"ಅಮ್ಮ, ಅದನ್ನ ತಂದಿರೋದು ನಾನು," ಎಂದ, ಸಣ್ಣ ದನಿಯಲ್ಲಿ.

"ಅದಕ್ಕೇ ನೋಡ್ತಿದ್ದೀನಿ," ಎಂದು ಅಮ್ಮ ಮೂರನೆಯದನ್ನು ಎತ್ತಿಕೊಂಡಳು.